ಬಸ್ಸು ಮುಂದಮುಂದಕ್ಕೆ ಹೋಗಿ ನಿಲ್ಲುವ ಕಾರಣ ಹಾಲ್ ಟಿಕೆಟ್ ಕೋರಿ

ಇಂದ:
ವಿಶಾಖಾ, ಬಿ.ಎ. ಮೂರನೇ ಸೆಮಿಸ್ಟರ್,
ಹಿರೇಕೊಟ್ನೆಕಲ್, ಮಾನ್ವಿ ತಾಲೂಕು

ಗೆ:
ಮಾನ್ಯ ಪ್ರಾಂಶುಪಾಲರು,
ಕಾಲೇಜು ಕಚೇರಿ, ಮಾನ್ವಿ

ವಿಷಯ: ಇಂಗ್ಲಿಷ್ ಹಾಜರಾತಿ ಕೊರತೆ ಮನ್ನಾ ಮಾಡುವ ಕುರಿತು.

ಉಲ್ಲೇಖ: ನೋಟಿಸ್ ಬೋರ್ಡಿನಲ್ಲಿ ನನ್ನ ಹೆಸರಿನ ಮುಂದೆ ತಾವು ಕೆಂಪು ಪೆನ್ನಿನಿಂದ ಬರೆದ "ಮೋರ್ ಅಂಡ್ ಮೋರ್ ಇರ್‌ರೆಗ್ಯುಲರ್".

ಮಾನ್ಯರೇ,

ತಮ್ಮ ಇಂಗ್ಲಿಷ್ ಓದಿ ಬಹಳ ಸಂತೋಷವಾಯಿತು. ಹಿಂಗ ಜೋಡಿ ಮಾತು ಬಂದರೆ ಯಾವುದೋ ಒಂದು ನಿಲ್ಲದೆ ಬದಲಾಗುತ್ತಿದೆ ಎಂದು ಅರ್ಥ ಅಂತ ಇಂಗ್ಲಿಷ್ ಮೇಡಂ ಕಲಿಸಿದ್ದರು. ಆ ದಿನ ನಾನು ಹಾಜರಿದ್ದೆ. ಆದ್ದರಿಂದ ಅದೇ ಪ್ರಕಾರ ನಿವೇದಿಸಿಕೊಳ್ಳುತ್ತೇನೆ.

1. ಆಗಸ್ಟ್‌ನಲ್ಲಿ ಎಂಟೂವರೆ ಬಸ್ಸು ನಮ್ಮೂರ ಸ್ಟಾಪಿನಲ್ಲೇ ನಿಲ್ಲುತ್ತಿತ್ತು. ದಸರಾಕ್ಕೆ ಬೇವಿನಗಿಡದ ಹತ್ತಿರ, ದೀಪಾವಳಿಗೆ ಕಾಲುವೆ ದಾಟಿ. ಇದು "ಫಾರ್ದರ್ ಅಂಡ್ ಫಾರ್ದರ್". ನಾವು ಹನ್ನೊಂದು ಹುಡುಗಿಯರು ಅದರ ಹಿಂದೆ ಓಡಿದ್ದು "ಫಾಸ್ಟರ್ ಅಂಡ್ ಫಾಸ್ಟರ್". ಸರ್ಕಾರ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಮಾಡಿ ನಮಗೆ ಟಿಕೆಟ್ ದುಡ್ಡು ಇಲ್ಲವಾದ ಕಾರಣ ಡ್ರೈವರ್ ಸಾಹೇಬರ ಕಣ್ಣಿಗೆ ನಾವು ಕಾಣುವುದು "ಲೆಸ್ ಅಂಡ್ ಲೆಸ್".

2. ಸದರಿ ಕಾರಣದಿಂದ ನಾವು ಗೋಡೆ ಹಿಂದೆ ಅಡಗಿ, ನಮ್ಮ ದೊಡ್ಡಪ್ಪ ತಾಯಣ್ಣನವರನ್ನು ಸ್ಟಾಪಿನಲ್ಲಿ ಒಬ್ಬರನ್ನೇ ನಿಲ್ಲಿಸಿದೆವು. ತಲೆಗೆ ಬಿಳಿ ಪಟಗ, ಭರ್ಜರಿ ಮೀಸಿ. ಪಕ್ಕಾ ಟಿಕೆಟ್ ಗಿರಾಕಿ! ಬಸ್ಸು ಸ್ಟಾಪಿನಲ್ಲೇ ನಿಂತಿತು. ಹನ್ನೊಂದೂ ಮಂದಿ ನುಗ್ಗಿ ಹತ್ತಿದೆವು. ದೊಡ್ಡಪ್ಪ ಹತ್ತಲಿಲ್ಲ.

"ನಾ ಎಲ್ಲಿಗೂ ಹೋಗಂಗಿಲ್ಲಪಾ, ಸುಮ್ನ ನಿಂತಿದ್ದೆ" ಅಂದರು.

ಒಂಬತ್ತು ದಿನ ನಡೆಯಿತು. ಹತ್ತನೇ ದಿನ ಡ್ರೈವರ್ ದೊಡ್ಡಪ್ಪನಿಗೆ ಕೈ ಬೀಸಿ, ನಕ್ಕು, ನಿಲ್ಲಿಸದೆ ಹೊಂಟುಹೋದರು.

3. ಮುಂದಿನ ಬಸ್ಸಿಗೆ ಬಂದರೆ ಇಂಗ್ಲಿಷ್ ತರಗತಿಯ ಬಾಗಿಲು ಹಾಕಿರುತ್ತದೆ. ಹೊರಗೆ ನಿಂತು ಪಾಠ ಕೇಳಿದರೆ ಹಾಜರಿ ಇಲ್ಲವಂತೆ. ಪಾಠ ಮಾತ್ರ ಚೆನ್ನಾಗಿ ಕೇಳುತ್ತದೆ, ಮೇಡಂ ದನಿ ದೊಡ್ಡದು.

4. ಹನ್ನೊಂದು ಮಂದಿ ಇದ್ದವರು ಈಗ ಆರು ಮಂದಿ ಉಳಿದಿದ್ದೇವೆ. ಐವರು ಹತ್ತಿ ಬಿಡಿಸಾಕ ಹೊಂಟಾರ. ಇದು "ಫ್ಯೂವರ್ ಅಂಡ್ ಫ್ಯೂವರ್".

5. ನನ್ನ ಸೋದರಮಾವ ಗಿಲ್ಲೆಸುಗೂರಿನಿಂದ ಎರಡು ಸಲ ಬಂದು ಚಹಾ ಕುಡಿದು ಹೋಗಿದ್ದಾರೆ. ಅವರಿಗೆ ಮಗನಿದ್ದಾನೆ. ನಮ್ಮವ್ವ ಮೂಕಮ್ಮ, "ಹಾಲ್ ಟಿಕೆಟ್ ಬಂದ್ರ ಓದವ್ವಾ, ಬರ್ಲಿಲ್ಲಾಂದ್ರ ನಿಮ್ಮ ಮಾವಗ ನಾ ಏನಂತ ಹೇಳ್ಲಿ?" ಅಂತಾಳ. ಮದುವೆ "ನಿಯರರ್ ಅಂಡ್ ನಿಯರರ್". ಅದೊಂದೇ ನಮ್ಮ ಸ್ಟಾಪಿನಲ್ಲಿ ಸರಿಯಾಗಿ ನಿಲ್ಲುವಂಗ ಕಾಣ್ತದ. ನನಗ ಹೆದರಿಕಿ ಆಗ್ಯದ ಸರ್. ನನಗ ಓದಬೇಕು.

ಆದ್ದರಿಂದ ನನ್ನ ಅರವತ್ತೊಂದು ಪರ್ಸೆಂಟ್ ಹಾಜರಾತಿಗೆ, ಬಾಗಿಲ ಹೊರಗೆ ನಿಂತದ್ದನ್ನೂ ಬಸ್ಸಿನ ಹಿಂದೆ ಓಡಿದ್ದನ್ನೂ ಕೂಡಿಸಿ ಎಪ್ಪತ್ತೈದು ಮಾಡಿ, ಹಾಲ್ ಟಿಕೆಟ್ ದಯಪಾಲಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ, ಓಡಿ ಬಂದ
ವಿಶಾಖಾ

ಅಡಕಗಳು:
ಅ) ಹಾಜರಾತಿ ಚೀಟಿ.
ಆ) ದೊಡ್ಡಪ್ಪನವರ ಹೆಬ್ಬೆಟ್ಟಿನ ಹೇಳಿಕೆ.
ಇ) ಎಡಗಾಲಿನ ಚಪ್ಪಲಿ ಒಂದು. ಬಲಗಾಲಿನದು ಕಾಲುವೆ ಪಾಲಾಗಿದೆ.

ವಿ.ಸೂ.: ಮೇಲಿನದು ನಿಯಮದಲ್ಲಿ ಇಲ್ಲವಾದಲ್ಲಿ, ತಾವು ಸೋಮವಾರ ಬೆಳಿಗ್ಗೆ ಎಂಟೂವರೆಗೆ, ಇನ್‌ಶರ್ಟ್ ಮಾಡಿಕೊಂಡು, ನಮ್ಮೂರ ಸ್ಟಾಪಿನಲ್ಲಿ ಒಬ್ಬರೇ ಬಂದು ನಿಲ್ಲಬೇಕೆಂದು ಕೋರುತ್ತೇನೆ. ಡ್ರೈವರ್ ತಮ್ಮನ್ನು ಇನ್ನೂ ನೋಡಿಲ್ಲ. ನಾವು ಆರೂ ಮಂದಿ ಗೋಡೆ ಹಿಂದೆ ಇರುತ್ತೇವೆ.