ಅಜ್ಜಿಯ ಮಲ್ಲಿಗೆಗೆ ಒಗ್ಗುವ ಮಣ್ಣು

ಮಣ್ಣಿನ ಸಲುವಾಗಿ ಏನಾದರೊಂದು ತಮಾಷೆ ನಡೆಯದ ತಿಂಗಳು ನಮ್ಮ ಪುನರ್ವಸತಿ ಕೇಂದ್ರದಲ್ಲಿ ಇರಲೇ ಇಲ್ಲ. ಬೀಳಗಿ ತಾಲೂಕಿನ ನಮ್ಮ ಊರು ಅಣೆಕಟ್ಟಿನ ಹಿನ್ನೀರಿಗೆ ಹೋದ ಮೇಲೆ ಸರಕಾರ ನಮಗೆ ಜಾಗ ಕೊಟ್ಟಿತು, ರಸ್ತೆ ಕೊಟ್ಟಿತು, ದೀಪದ ಕಂಬ ಕೊಟ್ಟಿತು. ಗಿಡ ಹಚ್ಚುವಂಥ ಮಣ್ಣೊಂದನ್ನು ಮಾತ್ರ ಮರೆಯಿತು. ಹೊಳೆದಂಡೆಯ ಮೆತ್ತನೆಯ ಮಣ್ಣಿನಲ್ಲಿ ಬೆಳೆದ ನಾವು ಗರಸು ಕಲ್ಲಿನ ಮೇಲೆ ಬಂದು ಕೂತೆವು. ಕೂತ ಮೇಲೂ ಸೋಲದವರು ಒಬ್ಬರೇ, ನಮ್ಮ ಪಕ್ಕದ ಮನೆಯ ಅಜ್ಜಿ.

೧. ಸರಕಾರದ ಮನಿ

ಊರು ಬಿಡುವಾಗ ಎಲ್ಲರೂ ಬಾಗಿಲು, ತೊಲೆ, ಕಂಬ ಕಿತ್ತು ಟ್ರ್ಯಾಕ್ಟರಿಗೆ ಹೇರಿದರು. ಅಜ್ಜಿ ಹಸಿ ಗೋಣಿಚೀಲದಲ್ಲಿ ಸುತ್ತಿದ ಮಲ್ಲಿಗೆ ಗಿಡವನ್ನು ತೊಡೆಯ ಮೇಲಿಟ್ಟುಕೊಂಡು ಹತ್ತಿದಳು.

"ಬಾಗಲಾ ಇನ್ನೊಂದ ಮಾಡಿಸಬಹುದು. ಈ ಗಿಡಾ ನಮ್ಮತ್ತಿ ಹಚ್ಚಿದ್ದು" ಎಂದಳು.

ಹೊಸ ಮನೆಯ ಹೊಸ್ತಿಲು ದಾಟುವಾಗಲೇ ಸೊಸೆಗೆ ಹೇಳಿಬಿಟ್ಟಳು: "ಈ ಗಿಡಾ ಹೂ ಬಿಡೂತನಾ ಇದು ಸರಕಾರದ ಮನಿ. ಹೂ ಬಿಟ್ಟ ಮ್ಯಾಲ ನಮ್ಮ ಮನಿ." ಆಡಿದ ಮಾತಿಗೆ ತಪ್ಪುವ ಹೆಂಗಸಲ್ಲ. ಬೀಗರು ಬಂದರೂ "ಬರ್ರಿ, ಸರಕಾರದ ಮನ್ಯಾಗ ಚಾ ಕುಡೀರಿ" ಎಂದೇ ಕರೆಯುತ್ತಿದ್ದಳು. ನಿಂತು ಗೋಡೆ ಕಟ್ಟಿಸಿದ್ದ ಸೊಸೆಗೆ ಹೊಟ್ಟೆ ಉರಿದುಹೋಗುತ್ತಿತ್ತು. ಅವಳು ತನ್ನದೆನ್ನಬಹುದಾದ ಮನೆಗಾಗಿ ಆ ಗಿಡದ ಮುಖ ನೋಡುತ್ತ ಕಾಯತೊಡಗಿದಳು.

ಮಗ ಅಂಗಳದಲ್ಲಿ ಹಾರೆ ಹಾಕಿದ. ಕಿಡಿ ಹಾರಿತೇ ಹೊರತು ಕುಣಿ ಆಗಲಿಲ್ಲ. "ಯವ್ವಾ, ಇಲ್ಲಿ ಮಲ್ಲಿಗಿ ಹಚ್ಚಬೇಕಂದ್ರ ಮದ್ದ ಇಟ್ಟ ಹಾರಸಬೇಕಾಕ್ಕೈತಿ" ಎಂದ.

ಅಜ್ಜಿ ತಣ್ಣಗೆ ಹೇಳಿದಳು: "ಹಾರಸಪಾ. ಮನಿ ಏನ ನಮ್ಮದಲ್ಲ."

೨. ಬಸ್ಸಿನಲ್ಲಿ ಸಭೆ

ನಾನು ಮುಧೋಳದ ಸಾಲಿಯೊಂದರಲ್ಲಿ ಮಾಸ್ತರ. ದಿನಾ ಬಸ್ಸಿನಲ್ಲಿ ಓಡಾಡುವವನಾದ್ದರಿಂದ ಮಣ್ಣು ತರುವ ಕೆಲಸ ನನಗೇ ಬಂತು. ಗೆಳೆಯನ ಹೊಲದಿಂದ ಒಂದು ಚೀಲ ಯರಿ ಮಣ್ಣು, ಅಂದರೆ ಕಪ್ಪು ಮಣ್ಣು, ಹೊತ್ತು ಬಸ್ಸು ಹತ್ತಿದೆ.

"ಸರ, ಚೀಲದಾಗ ಏನೈತ್ರಿ?" ಕಂಡಕ್ಟರ ಕೇಳಿದ.

"ಮಣ್ಣು."

"ಖರೆ ಹೇಳ್ರಿ."

ಚೀಲದ ಬಾಯಿ ಬಿಚ್ಚಿ ತೋರಿಸಿ, ಪಕ್ಕದ ಮನೆಯ ಅಜ್ಜಿಯ ಮಲ್ಲಿಗೆಗೆ ಎಂದೆ. ಅಷ್ಟೇ ಸಾಕಾಯಿತು. ತೇರದಾಳದ ಹಿರಿಯರೊಬ್ಬರು ಚಿಟಿಕೆ ಮಣ್ಣು ತಿಕ್ಕಿ ನೋಡಿ, "ಇದು ಕಬ್ಬಿನ ಮಣ್ಣ. ಮಲ್ಲಿಗಿಗೆ ನೀರ ಹಿಡದ ಬೇರ ಕೊಳಸತೈತಿ" ಎಂದರು. ಹಿಂದಿನ ಸೀಟಿನ ಹೆಂಗಸು "ಉಸುಕ ಕೂಡಸಿದ್ರ ಏನೂ ಆಗೂದಿಲ್ಲ ತಗೀರಿ" ಎಂದಳು. ಮುದುಕಪ್ಪ ಒಬ್ಬ ಬೂದಿ ಬೇಕೆಂದ. ಚೀಲ ಕೈಯಿಂದ ಕೈಗೆ ಹೋಗಿ ಬಸ್ಸನ್ನೆಲ್ಲ ಒಂದು ಸುತ್ತು ಹಾಕಿತು. ಕಡೆಗೆ ಡ್ರೈವರನೇ ಗಾಡಿ ಬದಿಗೆ ಹಚ್ಚಿ, ತಿರುಗಿ ಕೂತು ತೀರ್ಪು ಕೊಟ್ಟ: "ಅರ್ಧಾ ಯರಿ, ಅರ್ಧಾ ಉಸುಕ ಮತ್ತ ಗೊಬ್ಬರ. ತಳಕ್ಕ ಹೆಂಚಿನ ಚೂರ. ಆತಿಲ್ಲ?"

ಎಲ್ಲರೂ ಒಪ್ಪಿದರು. ನಮ್ಮ ಕಡೆಯ ಜನರ ಬಗ್ಗೆ ನನಗೆ ಅಭಿಮಾನ ಉಕ್ಕಿ ಬಂದದ್ದು ಆವಾಗಲೇ. ಯಾರದೋ ಅಜ್ಜಿಯ ಒಂದು ಗಿಡಕ್ಕಾಗಿ ಇಡೀ ಬಸ್ಸು ತಲೆ ಕೆಡಿಸಿಕೊಂಡಿತ್ತು. ಹಾಗೆ ಕೆಡಿಸಿಕೊಂಡು ನನ್ನ ಸ್ಟಾಪಿನಲ್ಲಿ ನಿಲ್ಲಿಸುವುದನ್ನೂ ಮರೆತಿತ್ತು. ಇಳಿಯಬೇಕೆಂಬುದು ನನಗಾದರೂ ಎಲ್ಲಿ ನೆನಪಿತ್ತು? ಡಿಪೋದಿಂದ ಚೀಲ ಹೊತ್ತು ನಡೆದೇ ಬಂದೆ.

೩. ಎತ್ತಿನ ಕಣ್ಣು

ಮದ್ದೇ ಇಡದೆ ಮಗ ಹೇಗೋ ಕುಣಿ ತೋಡಿದ, ಬಸ್ಸಿನ ತೀರ್ಪಿನಂತೆಯೇ ಮಣ್ಣು ಬಿತ್ತು, ಗಿಡ ನಿಂತಿತು. ಅಷ್ಟರಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಎತ್ತು ಮಾಡಿ ಪೂಜಿಸಲು ಮೆತ್ತನೆಯ ಮಣ್ಣು ಬೇಕು, ಮಣ್ಣಿದ್ದದ್ದು ಇಡೀ ಕೇಂದ್ರಕ್ಕೆ ಅಜ್ಜಿಯ ಕುಣಿಯಲ್ಲಿ ಮಾತ್ರ. "ಒಂದ ಮುಷ್ಟಿ ಕೊಡಬೇ ಆಯಿ" ಎನ್ನುತ್ತ ಓಣಿಯ ಹೆಂಗಸರೆಲ್ಲ ಬಂದರು. ದೇವರ ಕೆಲಸಕ್ಕೆ ಇಲ್ಲವೆನ್ನುವುದು ಹೇಗೆ? ಸಂಜೆಗೆ ಗಿಡದ ಬೇರು ಬಯಲಾಗಿತ್ತು.

ಮರುದಿನ ಬೆಳಿಗ್ಗೆ ಅಜ್ಜಿ ಬುಟ್ಟಿ ಹಿಡಿದು ಮನೆಮನೆಗೆ ಹೋದಳು. "ಪೂಜಿ ಮುಗೀತಿಲ್ಲ? ಎತ್ತ ತರ್ರಿ." ಯಾರೂ ಎದುರಾಡಲಿಲ್ಲ. ಹೋದ ಮಣ್ಣೆಲ್ಲ ಜೋಡಿ ಎತ್ತಾಗಿ, ಮೇವು ಹಾಕುವ ಗೋದಲಿ ಸಮೇತ ವಾಪಸು ಬಂತು. ಪೂಜೆಯಾದ ಎತ್ತನ್ನು ಮುರಿಯಲು ಅಜ್ಜಿಗೆ ಮನಸ್ಸಾಗಲಿಲ್ಲ, ಹಾಗೇ ಬುಡದ ಸುತ್ತ ಕೂರಿಸಿ ನೀರು ಹಾಕಿದಳು.

ವಾರದೊಳಗೆ ಹಸಿರು ಕಂಡಿತು. ಸೊಸೆ ಕುಣಿಯುತ್ತ ಓಡಿಬಂದು ಬಗ್ಗಿ ನೋಡಿದಳು. ಮಲ್ಲಿಗೆ ಇದ್ದ ಹಾಗೇ ಇತ್ತು. ಚಿಗುರಿದ್ದು ಎತ್ತುಗಳಿಗೆ ಕಣ್ಣು ಅಂತ ಇಟ್ಟಿದ್ದ ಜೋಳ.

೪. ಕರಿ ಮೋತಿ

ಕಬ್ಬು ಕಡಿಯುವ ಕಾಲಕ್ಕೆ ಕುರಿಗಾರನೊಬ್ಬ ಮಂದೆ ಹೊಡೆದುಕೊಂಡು ಬಂದ. ಬೀರಪ್ಪನ ಭಕ್ತ, ಮೆತ್ತನೆಯ ಮನುಷ್ಯ. ಹೊಲದಲ್ಲಿ ಕುರಿ ನಿಲ್ಲಿಸಿದರೆ ಅದರ ಹಿಕ್ಕೆಯಷ್ಟು ಒಳ್ಳೆಯ ಗೊಬ್ಬರ ಬೇರೆ ಇಲ್ಲವೆಂದು ರೈತರು ಕರೆದು ನಿಲ್ಲಿಸುತ್ತಾರೆ. ಅಜ್ಜಿಯೂ ಕರೆದಳು.

"ಹೊಲಾ ಎಲ್ಲೈತಿಬೇ ಯವ್ವಾ?"

"ಇದ" ಎಂದು ಕೌದಿ ಹಾಸುವಷ್ಟು ಅಂಗಳ ತೋರಿಸಿದಳು.

ಅವನು ನಕ್ಕ. ಅಜ್ಜಿ ಬೀರಪ್ಪನ ಆಣೆ ಹಾಕಿದಳು. ನಗು ನಿಂತಿತು, ಮಂದೆ ಒಳಗೆ ಬಂತು. ಬೆಳಿಗ್ಗೆ ನಾನು ಬಾಗಿಲು ತೆರೆದರೆ ನಮ್ಮ ಕಟ್ಟೆಯ ಮೇಲೂ ಕುರಿ! ಹಿಕ್ಕೆಗೆ ಕೊರತೆ ಇರಲಿಲ್ಲ. ಆದರೆ ಕರಿ ಮೋತಿಯ, ಅಂದರೆ ಕಪ್ಪು ಮುಖದ, ಒಂದು ಕುರಿ ಗಿಡದ ಬೇಲಿಯೊಳಗೆ ನಿಂತು ಮೆಲುಕು ಹಾಕುತ್ತಿತ್ತು. ಮಲ್ಲಿಗೆ ಇದ್ದಲ್ಲಿ ಗೇಣುದ್ದ ಮೋಟು ಉಳಿದಿತ್ತು.

ಕುರಿಗಾರ ಕೈಮುಗಿದು ನಿಂತ. ಅಜ್ಜಿ ಅವನನ್ನು ಬೈಯಲಿಲ್ಲ. "ಊರ ನೀರಾಗ ಹೋತು, ಗಿಡಾ ಕುರಿ ಹೊಟ್ಟ್ಯಾಗ ಹೋತು" ಎಂದು ಕಣ್ಣೊರೆಸಿಕೊಂಡು ಒಳಗೆ ಹೋದಳು. ಸೊಸೆ ಮಾತ್ರ ಮನೆಯ ಆಸೆ ಬಿಡದೆ ಆ ಮೋಟಿಗೇ ದಿನಾ ನೀರು ಹಾಕಿದಳು.

ಮೋಟು ಚಿಗುರಿತು. ಮೊದಲಿಗಿಂತ ನಾಲ್ಕು ಪಟ್ಟು ಟೊಂಗೆ ಒಡೆಯಿತು. ಯುಗಾದಿ ಮುಗಿಯುತ್ತಲೇ ಒಂದು ಮುಂಜಾನೆ ಅಂಗಳ ತುಂಬ ಘಮ. ಅತ್ತೆ ಸೊಸೆ ಇಬ್ಬರೂ ಹೂ ಬಿಡಿಸುತ್ತಿದ್ದರು. ಸೊಸೆ ಬುಟ್ಟಿಗಿಂತ ಹೆಚ್ಚು ಅತ್ತೆಯ ಬಾಯಿಯನ್ನೇ ನೋಡುತ್ತಿದ್ದಳು. ಅಜ್ಜಿ ತಲೆ ಬಗ್ಗಿಸಿ ಹೂ ಕಟ್ಟುತ್ತ ಕೂತಳು.

ಅಷ್ಟರಲ್ಲಿ ಮಂದೆ ತಿರುಗಿ ಬಂತು. ನಾಚಿಕೆಗೆ ಕುರಿಗಾರ ತಲೆಗೆ ಕಂಬಳಿ ಹೊದ್ದು ಆಚೆ ಓಣಿಯಿಂದ ಸರಿದುಹೋಗುತ್ತಿದ್ದ. ಅಜ್ಜಿ ಬಡಿಗೆ ಹಿಡಿದು ಓಡಿದಳು. ಅವನು ಹೊಡೆತಕ್ಕೆ ಬೆನ್ನು ಕೊಟ್ಟು ನಿಂತ.

"ಎಲ್ಲಿ ಹೊಂಟೀಲೇ? ಆ ಕರಿ ಮೋತೀದು ಎಲ್ಲೈತಿ?"

ಅವನು ಕಂಬಳಿಯೊಳಗಿಂದಲೇ ತೋರಿಸಿದ. ಅಜ್ಜಿ ಬಡಿಗೆ ಕೆಳಗಿಟ್ಟು, ಮಡಿಲಿನಿಂದ ಒಂದು ಮೊಳ ಮಲ್ಲಿಗೆ ತೆಗೆದು ಕುರಿಯ ಕೊರಳಿಗೆ ಕಟ್ಟಿದಳು.

"ಬಾರವ್ವಾ" ಎಂದಳು ಅದಕ್ಕೆ, "ನಮ್ಮ ಮನಿಗೆ ಹೋಗೂಣು."