ಗಿಳಿ ಇದ್ದ ಜಾಗದಿಂದ ಎರಡು ಗೇಣು

"ಬರೆದಿಟ್ಕೋ ಅಸುಸೆನಾ! ಇಪ್ಪತ್ನಾಲ್ಕೇ ವಾರ! ಆಮೇಲೆ ಕಂಪ್ಯೂಟರ್ ನೆಟ್‌ವರ್ಕ್ ಅಂದ್ರೆ ಇಡೀ ಮನಾಗ್ವಾ ನನ್ನ ಹೆಸರು ಹೇಳ್ಬೇಕು!"

ಗಾಯೊ ಪಿಂಟೊ ತಿಂಡಿಯ ತಟ್ಟೆಯ ಮುಂದೆ ಎದ್ದು ನಿಂತು, ಚಮಚವನ್ನು ಖಡ್ಗದಂತೆ ಎತ್ತಿ ಹಿಡಿದು ಎಬೆರ್ತೊ ಈ ಘೋರ ಪ್ರತಿಜ್ಞೆ ಮಾಡಿದ. ಚಮಚದಲ್ಲಿದ್ದ ಅನ್ನ, ಕಾಳು ಅಂಗಿಯ ಮೇಲೆ ಉದುರಿದವು.

"ಮೊದಲು ಅಂಗಿ ಕೊಡವ್ಕೋ ಮುದುಕಾ. ಆಮೇಲೆ ಮನಾಗ್ವಾ ನೋಡ್ಕೊಳ್ಳೋಣ," ಎಂದಳು ಹೆಂಡತಿ.

ಎಬೆರ್ತೊನ ಜಂಬ ಸುಮ್ಮನೆ ಬಂದದ್ದಲ್ಲ. ಮನೆಗಳಿಗೆ ನಂಬರೇ ಇಲ್ಲದ ಊರಿನಲ್ಲಿ ಅವನು ಮೂವತ್ತೊಂದು ವರ್ಷ ಅಂಚೆ ಹಂಚಿದವನು. 'ಭೂಕಂಪದಲ್ಲಿ ಬಿದ್ದ ಚಿತ್ರಮಂದಿರ ಇದ್ದ ಜಾಗದಿಂದ ಎರಡು ಬೀದಿ ಸರೋವರದ ಕಡೆಗೆ, ಅರ್ಧ ಬೀದಿ ಮೇಲಕ್ಕೆ' ಎಂದು ಬರೆದ ಪತ್ರವನ್ನು ಕಣ್ಣು ಮುಚ್ಚಿಕೊಂಡು ಮುಟ್ಟಿಸುತ್ತಿದ್ದ. ಮೇಲಕ್ಕೆಂದರೆ ಸೂರ್ಯ ಹುಟ್ಟುವ ಕಡೆ, ಕೆಳಕ್ಕೆಂದರೆ ಮುಳುಗುವ ಕಡೆ. ಚಿತ್ರಮಂದಿರ ಅವನು ಚಿಕ್ಕವನಿದ್ದಾಗಲೇ ಬಿದ್ದಿತ್ತು. ಅದರಿಂದ ಏನು? ವಿಳಾಸ ಮಾತ್ರ ಗಟ್ಟಿಯಾಗಿ ನಿಂತಿತ್ತಲ್ಲ!

ಆದರೆ ಅಂಚೆಯವರು ಪತ್ರ ಹಂಚುವ ಬೀದಿಗಳನ್ನು ಕಡಿಮೆ ಮಾಡಿ ಅವನ ಚೀಲವನ್ನು ವಾಪಸು ಪಡೆದಿದ್ದರು. ಅಂದಿನಿಂದ ಮನೆಯ ಮುಂಗೋಣೆಯಲ್ಲಿದ್ದ ಹೆಂಡತಿಯ ಪುಟ್ಟ ಅಂಗಡಿಯಲ್ಲಿ ಕೂತು, ಜೋಡಿಸಿದ್ದ ಸೋಪುಗಳನ್ನೇ ಮತ್ತೆ ಜೋಡಿಸುವುದೇ ಅವನ ಉದ್ಯೋಗ. ನಡುನಡುವೆ ಬಲ ಭುಜವನ್ನು ಸವರಿಕೊಳ್ಳುತ್ತಿದ್ದ, ಚೀಲದ ಪಟ್ಟಿ ಇರುತ್ತಿದ್ದ ಜಾಗ ಅದು. ಅಸುಸೆನಾ ಅದನ್ನು ದಿನವೂ ನೋಡುತ್ತಿದ್ದಳು. ಇಪ್ಪತ್ನಾಲ್ಕು ವಾರದ ನೆಟ್‌ವರ್ಕ್ ತರಬೇತಿ ಮುಗಿಸಿ ಪಾಸಾದ ಒಬ್ಬರನ್ನು ಬಡಾವಣೆಯ ಆರೋಗ್ಯ ಕೇಂದ್ರ ಕೆಲಸಕ್ಕೆ ತೆಗೆದುಕೊಳ್ಳುತ್ತದೆ, ವಯಸ್ಸಿನ ಮಿತಿಯಿಲ್ಲ ಎಂದು ತಿಳಿದ ದಿನವೇ ಅವಳು ಅರ್ಜಿ ತುಂಬಿ ಅವನ ಕೈಗೆ ಪೆನ್ನು ಕೊಟ್ಟಳು. ಐವತ್ತೇಳರಲ್ಲಿ ಇನ್ಯಾರು ಕೆಲಸ ಕೊಡುತ್ತಾರೆ? ಇದು ತಪ್ಪಿದರೆ ಸೋಪೇ ಗತಿ ಎಂಬುದು ಇಬ್ಬರಿಗೂ ಗೊತ್ತಿತ್ತು.

ಚರ್ಚಿನ ಪಕ್ಕದ ಸಭಾಂಗಣದಲ್ಲಿ ತರಗತಿ. ಕಲಿಸುವವಳು ಯಾರಿತ್ಸಾ, ಇಪ್ಪತ್ತಾರರ ಇಂಜಿನಿಯರ್. ಮೊದಲ ಹಂತ, ಕೇಬಲ್. ಒಂದು ಕೇಬಲ್ಲಿನ ಹೊಟ್ಟೆಯೊಳಗೆ ಎಂಟು ಬಣ್ಣದ ಎಳೆಗಳು, ಅವನ್ನು ಸರಿಯಾದ ಸಾಲಿನಲ್ಲಿ ಪ್ಲಾಸ್ಟಿಕ್ ಕ್ಲಿಪ್ಪಿಗೆ ತೂರಿಸಿ ಇಕ್ಕಳದಲ್ಲಿ ಒತ್ತಬೇಕು. ಎಬೆರ್ತೊನ ದಪ್ಪ ಬೆರಳುಗಳಿಗೆ ಆರು ಎಳೆ ಸಿಕ್ಕರೆ ಎರಡು ಪರಾರಿ! ಮನೆಗೆ ತಂದು ಗೊಣಗುತ್ತಾ ಕೂತ. ವಾರವಾರವೂ ಬಾಳೆಲೆಯಲ್ಲಿ ಮೆಕ್ಕೆಜೋಳದ ಹಿಟ್ಟಿನ ನಕತಮಾಲ್ ಕಟ್ಟಿ ದಾರ ಬಿಗಿಯುವ ಅಸುಸೆನಾ ಅದನ್ನು ಕಿತ್ತುಕೊಂಡು ಎರಡೇ ನಿಮಿಷದಲ್ಲಿ ಮುಗಿಸಿದಳು.

"ಇದಕ್ಕಾ ಇಷ್ಟು ಗಲಾಟೆ? ಇದು ತಿನ್ನೋಕಾಗಲ್ಲ ಅನ್ನೋದು ಬಿಟ್ರೆ ಬೇರೇನೂ ವ್ಯತ್ಯಾಸ ಇಲ್ಲ!"

ಎರಡನೆಯ ಹಂತ, ವಿಳಾಸ. ಎಬೆರ್ತೊ ಎದೆಯುಬ್ಬಿಸಿ ಮೊದಲ ಸಾಲಿನಲ್ಲಿ ಕೂತ.

"ಪ್ರತಿ ಯಂತ್ರಕ್ಕೂ ಒಂದು ನಂಬರಿನ ವಿಳಾಸ ಇರುತ್ತೆ," ಎಂದಳು ಯಾರಿತ್ಸಾ.

"ನಂಬರಾ? ನಂಬರ್ ಮರೆತುಹೋಗುತ್ತೆ ಇಂಜಿನಿಯರಮ್ಮ! ಮಾವಿನ ಮರ ಯಾರಿಗೆ ಮರೆಯುತ್ತೆ?"

"ಯಂತ್ರಕ್ಕೆ ಮಾವಿನ ಮರ ಕಾಣಲ್ಲ, ದೋನ್ ಎಬೆರ್ತೊ."

ಸರಿ, ಯಂತ್ರಗಳಿಗೆ ನಂಬರು ಕೊಟ್ಟ. ಯಂತ್ರಕ್ಕೇನೋ ಕಣ್ಣಿಲ್ಲ, ಮನುಷ್ಯರಿಗಾದರೂ ಇದೆಯಲ್ಲ ಎಂದುಕೊಂಡ. ಎಡವಟ್ಟಾದದ್ದು ಅಲ್ಲೇ.

ಕೊನೆಯ ಪರೀಕ್ಷೆ ಹೀಗೆ: ಪ್ರತಿ ವಿದ್ಯಾರ್ಥಿ ಒಂದು ಕಡೆ ನೆಟ್‌ವರ್ಕ್ ಕಟ್ಟಿ, ಯಾವ ಕೇಬಲ್ ಎಲ್ಲಿದೆ ಎಂದು ಪುಸ್ತಕದಲ್ಲಿ ಬರೆದಿಡಬೇಕು. ಯಾರಿತ್ಸಾ ಗುಟ್ಟಾಗಿ ಒಂದು ಕೇಬಲ್ ಕೀಳುತ್ತಾಳೆ. ಆ ಜಾಗವನ್ನು ನೋಡಿಯೇ ಇರದ ಇನ್ನೊಬ್ಬ ವಿದ್ಯಾರ್ಥಿ ಪುಸ್ತಕ ನೋಡಿಕೊಂಡು ಇಪ್ಪತ್ತು ನಿಮಿಷದಲ್ಲಿ ಅದನ್ನು ಸರಿಮಾಡಬೇಕು. ಕಟ್ಟಿದವನು ಬಾಯಿ ತೆರೆದರೆ ಫೇಲು!

ಎಬೆರ್ತೊ ತನ್ನ ಮನೆಯಲ್ಲೇ ಕಟ್ಟಿದ. ಅಂಗಡಿಯ ಕಂಪ್ಯೂಟರ್, ಬಾಗಿಲಿನ ಕ್ಯಾಮೆರಾ, ಪಕ್ಕದ ಕ್ಷೌರದಂಗಡಿಯ ಫಿಲಾದೆಲ್ಫೊನ ಟೀವಿ, ಎಲ್ಲಕ್ಕೂ ನಡುಮನೆಯಲ್ಲಿ ಕೇಬಲ್ಲುಗಳೆಲ್ಲ ಕೂಡುವ ಸ್ವಿಚ್ ಪೆಟ್ಟಿಗೆಯಿಂದ ಸಂಪರ್ಕ. ಪುಸ್ತಕ ಬರೆಯಲು ಒಂದು ವಾರ ಕೂತ. ಬರೆದದ್ದನ್ನು ಅಸುಸೆನಾ ಓದಿದಳು. ಓದುತ್ತಾ ಓದುತ್ತಾ ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡಳು.

"ಎಷ್ಟು ಚೆನ್ನಾಗಿ ಬರ್ದಿದೀಯೋ! ಅಮ್ಮನ ತೂಗುಕುರ್ಚಿನೂ ಬಿಟ್ಟಿಲ್ವಲ್ಲ!"

ಪರೀಕ್ಷೆಯ ದಿನ ಮತಗಲ್ಪ ಊರಿನ ನೋಯೆಲ್ ಎಂಬ ವಿದ್ಯಾರ್ಥಿ ಬಂದ. ಯಾರಿತ್ಸಾ ಕೇಬಲ್ ಕಿತ್ತು ಗಡಿಯಾರ ನೋಡಿದಳು. ನೋಯೆಲ್ ಪುಸ್ತಕ ತೆರೆದು ಗಟ್ಟಿಯಾಗಿ ಓದಿದ:

"'ಮೂರನೇ ಕೇಬಲ್: ಗಿಳಿ ಇದ್ದ ಜಾಗದಿಂದ ಎರಡು ಗೇಣು ಸರೋವರದ ಕಡೆಗೆ. ಅತ್ತೆಯ ತೂಗುಕುರ್ಚಿ ಇದ್ದಲ್ಲಿಂದ ಒಂದು ಗೇಣು ಮೇಲಕ್ಕೆ.' ಗಿಳಿ ಎಲ್ಲಿ?"

ಎಬೆರ್ತೊ ತುಟಿ ಬಿಗಿಹಿಡಿದ.

"ಸತ್ತು ಮೂರು ವರ್ಷ ಆಯ್ತಪ್ಪ, ಪಾಪದ್ದು," ಎಂದಳು ಅಸುಸೆನಾ.

"ನೀವೂ ಮಾತಾಡೋ ಹಾಗಿಲ್ಲ ಅಮ್ಮ!" ಎಂದಳು ಯಾರಿತ್ಸಾ.

ನೋಯೆಲ್ ಬೆವರಿದ. ಸರೋವರದ ಕಡೆ ಯಾವುದು, ಮೇಲೆ ಯಾವುದು ಎಂದು ಈ ದೇಶದಲ್ಲಿ ಹುಟ್ಟಿದ ಅವನಿಗೆ ಚೆನ್ನಾಗಿಯೇ ಗೊತ್ತು. ಆದರೆ ಸತ್ತ ಗಿಳಿಯ ವಿಳಾಸ ಎಲ್ಲಿಂದ ತರುವುದು? 'ಮದುವೆಯ ಫೋಟೊ ಬೀಳುವ ಮೊದಲು ಇದ್ದ ಮೊಳೆ', 'ಬೆಕ್ಕು ಮರಿ ಹಾಕಿದ ಮೂಲೆ'... ಪುಟ ತಿರುವಿದಷ್ಟೂ ನೆನಪುಗಳೇ, ಕೇಬಲ್ ಮಾತ್ರ ಇಲ್ಲ! ಕೊನೆಗೆ ಕೈಗೆ ಸಿಕ್ಕಿದ್ದನ್ನು ಕಿತ್ತ, ಕಿತ್ತದ್ದನ್ನು ಕಂಡ ತೂತಿಗೆ ಚುಚ್ಚಿದ. ಚುಚ್ಚುವ ಭರದಲ್ಲಿ ಒಂದೇ ಕೇಬಲ್ಲಿನ ಎರಡೂ ತುದಿಗಳನ್ನು ಅದೇ ಸ್ವಿಚ್ ಪೆಟ್ಟಿಗೆಗೆ ಸಿಕ್ಕಿಸಿಬಿಟ್ಟ!

ಪೆಟ್ಟಿಗೆಯ ದೀಪಗಳೆಲ್ಲ ದೆವ್ವ ಹಿಡಿದಂತೆ ಮಿಣುಕಾಡಿದವು. ಸುದ್ದಿ ಹೊರಟಲ್ಲಿಗೇ ತಿರುಗಿ ಬಂದು, ಮತ್ತೆ ಹೊರಟು, ಮತ್ತೆ ಬಂದು ದಾರಿಯೆಲ್ಲ ಕಟ್ಟಿಹೋಯಿತು. ಅಂಗಡಿಯ ಕಂಪ್ಯೂಟರ್ ಕೈಚೆಲ್ಲಿತು. ಕ್ಯಾಮೆರಾ ಕುರುಡಾಯಿತು. ಪಕ್ಕದ ಗೋಡೆಯಾಚೆಯಿಂದ ಹಾಹಾಕಾರ!

"ಎಬೆರ್ತೊ!" ಫಿಲಾದೆಲ್ಫೊ ಕ್ಷೌರದ ಕತ್ತಿ ಹಿಡಿದೇ ನುಗ್ಗಿ ಬಂದ. ಅವನ ಹಿಂದೆ ಅರ್ಧ ಮುಖಕ್ಕೆ ನೊರೆ ಹಚ್ಚಿಕೊಂಡ ಗಿರಾಕಿ. "ಬೇಸ್‌ಬಾಲ್ ಫೈನಲ್! ಒಂಬತ್ತನೇ ಇನ್ನಿಂಗ್ಸ್! ಮೂರೂ ಬೇಸ್ ತುಂಬಿತ್ತು, ಚೆಂಡು ಎಸೆದ... ಎಸೆದವನ ಕೈ ಮೇಲೇ ನಿಂತುಹೋಯ್ತಲ್ಲೋ ಪಾಪಿ! ಏನಾದ್ರೂ ಮಾತಾಡು!"

ಮಾತಾಡಿದರೆ ಫೇಲು. ಎಬೆರ್ತೊ ಕೆಂಪಗಾದ, ನೇರಳೆಯಾದ, ಬಾಯಿಗೆ ಎರಡೂ ಕೈ ಅಡ್ಡ ಹಿಡಿದುಕೊಂಡ. ಫಿಲಾದೆಲ್ಫೊ ಗಾಬರಿಯಾಗಿ, "ಪಾರ್ಶ್ವವಾಯು ಹೊಡೀತು ಕಣ್ರೋ! ನೀರು ತನ್ನಿ!" ಎಂದು ಕೂಗಿದ. ನೊರೆಯ ಗಿರಾಕಿ ಒಂದು ತಂಬಿಗೆ ನೀರು ತಂದು ತಲೆಯ ಮೇಲೆ ಸುರಿದೂಬಿಟ್ಟ!

ಇಪ್ಪತ್ತು ನಿಮಿಷ ಮುಗಿಯಿತು.

ಒದ್ದೆ ಎಬೆರ್ತೊ ಎದ್ದ. ತಲೆ ತಗ್ಗಿಸಿ ನೇರವಾಗಿ ಗೋಡೆಯ ಬಳಿ ಹೋಗಿ ಮೂರನೇ ಕೇಬಲ್ಲನ್ನು ಅದರ ತೂತಿಗೆ ಸಿಕ್ಕಿಸಿದ. ಸುತ್ತಿಕೊಂಡಿದ್ದ ಇನ್ನೊಂದನ್ನು ಕಿತ್ತ. ಅಷ್ಟೇ, ಎಲ್ಲವೂ ಸರಿಹೋಯಿತು. ಅಷ್ಟರಲ್ಲಿ ಫೈನಲ್ ಮುಗಿದಿತ್ತು.

"ಕಟ್ಟಿದ್ದರಲ್ಲಿ ಒಂದು ತಪ್ಪಿಲ್ಲ ದೋನ್ ಎಬೆರ್ತೊ," ಎಂದಳು ಯಾರಿತ್ಸಾ ಮೆಲ್ಲಗೆ. "ಆದ್ರೆ ನಾಳೆ ನಿಮಗೆ ಜ್ವರ ಬಂದ್ರೆ ಆರೋಗ್ಯ ಕೇಂದ್ರದ ನರ್ಸು ನಿಮ್ಮ ಗಿಳಿಯನ್ನ ಎಲ್ಲಿ ಹುಡುಕ್ತಾಳೆ? ನಿಯಮದಲ್ಲಿ ಎರಡನೇ ಅವಕಾಶ ಒಂದಿದೆ. ಎಂಟು ದಿನ. ನಿಮ್ಮ ಮನೆ ಗೊತ್ತಿಲ್ಲದವರಿಗೆ ಅರ್ಥ ಆಗೋ ಹಾಗೆ ಬರೀರಿ."

ಅವರೆಲ್ಲ ಹೋದ ಮೇಲೆ ಎಬೆರ್ತೊ ಸೋಪಿನ ಮುಂದೆ ಕೂತು ಭುಜ ಸವರಿಕೊಂಡ.

"ಮುಗೀತು ಅಸುಸೆನಾ. ನನ್ನ ತಲೇಲಿರೋದೆಲ್ಲ ಬರೀ 'ಇದ್ದ' ಜಾಗಗಳೇ. ನಾನೂ ಅಂಚೆಯವನು ಇದ್ದ ಜಾಗ ಅಷ್ಟೇ."

ಅಸುಸೆನಾ ಟವೆಲ್ಲಿನಿಂದ ಅವನ ತಲೆಯನ್ನು ಗಸಗಸ ಒರೆಸಿದಳು. ಅವಳಿಗೆ ಅಳು ಬಂದಿತ್ತು, ಅದಕ್ಕೇ ಸ್ವಲ್ಪ ಜೋರಾಗಿಯೇ ಒರೆಸಿದಳು.

"ಆ ಪುಸ್ತಕ ನಂಗೆ ಕೊಡು, ಅದು ನನ್ನದು. ಸಂತರ ಪಟದ ಹಿಂದೆ ಇಟ್ಕೋತೀನಿ. ಪರೀಕ್ಷೆಗೆ ಬೇರೆ ಬರಿ. ಏಳು! ನೀನು ನಂಬರ್ ಹೇಳು, ನಾನು ಚೀಟಿ ಅಂಟಿಸ್ತೀನಿ."

ಎಂಟು ದಿನದಲ್ಲಿ ಗೋಡೆ, ತೂತು, ಕೇಬಲ್ಲಿನ ಎರಡೂ ತುದಿ, ಎಲ್ಲಕ್ಕೂ ನಂಬರು ಬಿತ್ತು. ಹುಮ್ಮಸ್ಸು ತಡೆಯದೆ ಉಪ್ಪಿನ ಡಬ್ಬಿಗೂ ನಂಬರು ಅಂಟಿಸಿದರು. ಎರಡನೇ ಸಲ ಬಂದ, ಆ ಮನೆಯನ್ನು ನೋಡಿರದ ಬೇರೊಬ್ಬ ವಿದ್ಯಾರ್ಥಿ ನಾಲ್ಕೇ ನಿಮಿಷದಲ್ಲಿ ಕೇಬಲ್ ಹುಡುಕಿ, ಉಳಿದ ಹದಿನಾರು ನಿಮಿಷ ನಕತಮಾಲ್ ತಿಂದ.

ಎರಡು ವಾರ ಕಳೆದು ಅಂಚೆಯ ಹಳೆಯ ಗೆಳೆಯ ಉಲೀಸೆಸ್ ಬಾಗಿಲಿಗೆ ಬಂದ, ಮುಖದ ತುಂಬ ನಗು. ಲಕೋಟೆಯೊಳಗೆ ಪ್ರಮಾಣಪತ್ರವಿತ್ತು, ಜೊತೆಗೆ ಆರೋಗ್ಯ ಕೇಂದ್ರದ ನೇಮಕದ ಕಾಗದ. ಅಸುಸೆನಾ ಗಂಡನನ್ನು ಅಪ್ಪಿಕೊಂಡು ಅಂಗಡಿಯಲ್ಲೇ ಒಂದು ಸುತ್ತು ತಿರುಗಿಸಿದಳು. ಸೋಪುಗಳೆಲ್ಲ ನೆಲಕ್ಕುರುಳಿದವು. ಯಾರೂ ಎತ್ತಿ ಜೋಡಿಸಲಿಲ್ಲ.

ಆಮೇಲೆ ಎಬೆರ್ತೊ ಅಭ್ಯಾಸಬಲದಿಂದ ಲಕೋಟೆಯ ಮೇಲಿನ ವಿಳಾಸ ನೋಡಿದ. ನಂಬರುಗಳ ಮಹಾಗುರು ಯಾರಿತ್ಸಾಳ ದುಂಡನೆಯ ಅಕ್ಷರ:

'ಬೇಸ್‌ಬಾಲ್ ಫೈನಲ್ ನಿಂತುಹೋದ ಕ್ಷೌರದಂಗಡಿಯಿಂದ ಒಂದು ಮನೆ ಮೇಲಕ್ಕೆ. ಗಿಳಿ ಇದ್ದ ಮನೆ.'

ತಪ್ಪು ಹುಡುಕಲು ಎಬೆರ್ತೊ ಮೂರು ಸಲ ಓದಿದ. ಮೂವತ್ತೊಂದು ವರ್ಷದ ಅನುಭವವನ್ನೆಲ್ಲ ಬಳಸಿದ. ಒಂದೂ ಸಿಗಲಿಲ್ಲ.

"ಒಬ್ಬರನ್ನೂ ಕೇಳದೆ ನೆಟ್ಟಗೆ ಬಂದೆ ಕಣೋ," ಎಂದ ಉಲೀಸೆಸ್. "ಇಡೀ ಬಡಾವಣೆಗೆ ನೀನೇ ಈಗ ಗುರುತು! ಹಾಕು ಸಹಿ."