ಕಟ್ಟಿನ ಸಾರು ಮತ್ತು ನಾಲ್ಕು ಟೈರು

೨೦೧೭ರ ಯುಗಾದಿಯಂದು ಕೆನಡಾದ ಪಿಕರಿಂಗ್‌ನಿಂದ ಥಾರ್ನ್‌ಕ್ಲಿಫ್ ಪಾರ್ಕಿಗೆ ಹೊರಟಿದ್ದ ಒಂದು ದೊಡ್ಡ ಪಾತ್ರೆ ಕಟ್ಟಿನ ಸಾರಿನಲ್ಲಿ ಅರ್ಧದಷ್ಟು ದಾರಿಯಲ್ಲೇ ಚೆಲ್ಲಿಹೋಯಿತು. ಪ್ರಾಣಹಾನಿ ಆಗಲಿಲ್ಲ. ಹಿಂದಿನ ಸೀಟಿನ ಸ್ಥಿತಿ ಗಂಭೀರವಾಗಿತ್ತು. ನಮ್ಮ ಊರಾದ ಪಿಕರಿಂಗ್‌ನಲ್ಲಿ ಅಣು ವಿದ್ಯುತ್ ಸ್ಥಾವರ ಇದೆ. ಆದರೂ ಸೋರಿಕೆ ಎಂಬ ವಿಷಯ ನಮ್ಮ ಮನೆಯಲ್ಲಿ ಚರ್ಚೆಗೆ ಬಂದದ್ದು ಅದೇ ಮೊದಲು.

ಕಾರು, ಸಾರು ಎರಡೂ ಇರುವ ಮನೆಗಳಲ್ಲಿ ಇಂಥದ್ದು ಆಗುತ್ತಲೇ ಇರುತ್ತದೆ. ನಮ್ಮಲ್ಲಿ ಆದದ್ದನ್ನು ಆದ ಕ್ರಮದಲ್ಲೇ ಹೇಳುತ್ತೇನೆ.

ತನಿಖೆ

ಹೋಳಿಗೆ ಊಟದಲ್ಲಿ ಸಾರು ಮೊದಲನೇ ಪಂಕ್ತಿಗೇ ಮುಗಿದುಹೋದರೆ ಹುಬ್ಬಳ್ಳಿ-ಧಾರವಾಡದ ಮಂದಿ ಮರೆಯುವುದಿಲ್ಲ. ಕೆನಡಾದ ಪೌರತ್ವ ತೆಗೆದುಕೊಂಡ ಮೇಲೂ ಮರೆಯುವುದಿಲ್ಲ. ಅಂದು ನಮ್ಮ ಕನ್ನಡದವರ ಹಬ್ಬದೂಟ ನಡೆದಿದ್ದ ಥಾರ್ನ್‌ಕ್ಲಿಫ್ ಪಾರ್ಕಿನ ಹಾಲ್‌ನಲ್ಲಿ ನನ್ನ ಹೆಂಡತಿಯ ಸ್ವಂತ ಅಕ್ಕನೇ ಎಲ್ಲರಿಗೂ ಕೇಳುವ ಹಾಗೆ, "ನಮ್ಮ ತಂಗೀದು ಮೊದಲಿಂದನೂ ಸಣ್ಣ ಕೈ" ಎಂದುಬಿಟ್ಟರು. ದಾರಿಯಲ್ಲಿ ಚೆಲ್ಲಿತು ಎಂದರೆ ಯಾರೂ ನಂಬಲಿಲ್ಲ.

ಮನೆಗೆ ಬಂದ ಮೇಲೆ ವಿಚಾರಣೆ ನಡೆಯಿತು.

"ಟೈರು ಕಲ್ಲಿನಂಗ ಆಗ್ಯಾವ. ತಗ್ಗು ಬಂದ್ರ ಸಾಕು, ಎತ್ತಿ ಒಗೀತಾವ," ಎಂದೆ. ಕಾರು ಓಡಿಸುತ್ತಿದ್ದವನು ನಾನೇ ಆದ್ದರಿಂದ ನನ್ನ ಸಾಕ್ಷ್ಯಕ್ಕೆ ತೂಕವಿತ್ತು.

"ಹಂಗಾರ ಹೊಸಾ ಟೈರು ಹಾಕಸ್ರಿ," ಎಂದಳು ಹೆಂಡತಿ. "ಬರೋ ಯುಗಾದಿಗೆ ಒಂದು ಹನಿ ಚೆಲ್ಲಬಾರ್ದು. ಅಕ್ಕನ ತಾಟಿಗೆ ನಾನ ಬಡಸ್ತೀನಿ."

ಮೂರು ಗುಣ

ಆ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕರು, ರೆಕ್ಸ್‌ಡೇಲ್‌ನಲ್ಲಿರುತ್ತಾರೆ. ಅಲ್ಲಿನ ಒಂದು ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಯಾವುದನ್ನೂ ಪರೀಕ್ಷೆ ಮಾಡದೆ ಒಪ್ಪುವವರಲ್ಲ; ಪರೀಕ್ಷೆ ಮಾಡಿದ ಮೇಲೂ ಒಪ್ಪುವವರಲ್ಲ.

"ನೋಡಪಾ, ಇಲ್ಲಿ ಹಿಮಕ್ಕ ಬ್ಯಾರೆ ಟೈರು, ಬ್ಯಾಸಿಗಿಗೆ ಬ್ಯಾರೆ. ಬ್ಯಾಸಿಗಿ ಟೈರಿಗೆ ಮೂರು ಗುಣ. ಪರ್ಫಾರ್ಮೆನ್ಸು, ಕಂಫರ್ಟು, ಎಕಾನಮಿ. ಹಿಡತ ಬೇಕಂದ್ರ ರಬ್ಬರ್ ಮೆತ್ತಗಿರಬೇಕು. ಮೆತ್ತಗಿದ್ರ ಲಗೂ ಸವೀತದ. ಪೆಟ್ರೋಲ್ ಉಳೀಬೇಕಂದ್ರ ಹಗುರ ಉರುಳಬೇಕು. ಹಗುರ ಉರುಳೋದು ಮಳಿಯೊಳಗ ಜಾರಿದ್ರೂ ಜಾರಬಹುದು. ಕುಲುಕಾಟ, ಸದ್ದು ಕಡಿಮಿ ಬೇಕಂದ್ರ ಕಂಫರ್ಟು. ಮೂರೂ ಒಂದರಾಗ ಸಿಗೋದು ಕಷ್ಟ."

"ಸಾರು ಚೆಲ್ಲದಂಥಾದ್ದು ಯಾವುದು, ಅಣ್ಣಾ?"

ಷಡ್ಡಕರು ಕನ್ನಡಕ ತೆಗೆದು ಒರೆಸಿದರು. "ಆ ಪರೀಕ್ಷಾ ಇನ್ನೂ ಯಾವ ದೇಶದಾಗೂ ಆಗಿಲ್ಲ," ಎಂದರು. ಅವರ ಮುಖದಲ್ಲಿ ಒಂದು ಬೆಳಕು ಕಂಡಿತು.

ನನಗೂ ಕುತೂಹಲ ಹತ್ತಿತು. ಅಲ್ಲಿಯವರೆಗೆ ಟೈರು ಕಪ್ಪಗೆ ಗುಂಡಗೆ ಇರುತ್ತದೆ ಎಂದಷ್ಟೇ ಗೊತ್ತಿತ್ತು. ಒಂದೊಂದರ ಗೆರೆ ಒಂದೊಂದು ಥರ, ಮಳೆನೀರು ಹೊರಗೆ ಹೋಗಲು ಒಂದೊಂದರಲ್ಲಿ ಒಂದೊಂದು ಕಾಲುವೆ ಎಂದು ತಿಳಿದ ಮೇಲೆ ಕಂಡಲ್ಲೆಲ್ಲ ನೋಡತೊಡಗಿದೆ. ಒಮ್ಮೆ ದೇವಸ್ಥಾನದ ಪಾರ್ಕಿಂಗ್‌ನಲ್ಲಿ ಯಾರದೋ ಕಾರಿನ ಮುಂದೆ ಮಂಡಿಯೂರಿ ಅದರ ಟೈರು ನೋಡುತ್ತಿದ್ದೆ. ಹಿಂದಿನಿಂದ ಬಂದ ಹಿರಿಯರೊಬ್ಬರು ಏನೆಂದುಕೊಂಡರೋ, ಚಪ್ಪಲಿ ಬಿಟ್ಟು ಕೈಮುಗಿದು ನಿಂತರು.

ಕಲ್ಲಂಗಡಿ

ಮರುವರ್ಷ ಚಳಿಗಾಲದ ಟೈರು ಬಿಚ್ಚಿಸುವ ಹೊತ್ತಿಗೆ, ಮೇ ತಿಂಗಳಲ್ಲಿ, ರೆಕ್ಸ್‌ಡೇಲ್‌ನ ಒಂದು ಟೈರಿನ ಅಂಗಡಿಗೆ ಹೋದೆವು. ಮಾಲೀಕರು ಪಂಜಾಬಿನವರು. ಮೂರು ಬಗೆಯ ಟೈರುಗಳನ್ನು ಸಾಲಾಗಿ ನಿಲ್ಲಿಸಿದರು. ಷಡ್ಡಕರು ಹೆಬ್ಬೆರಳಿನಿಂದ ಒತ್ತಿದರು. ನಾನು ಉಗುರು ಊರಿ ನೋಡಿದೆ. ಹೆಂಡತಿ ಬೆರಳು ಮಡಿಸಿ ಮೂರನ್ನೂ ಟಕಟಕ ಬಡಿದು ಕಿವಿಗೊಟ್ಟಳು.

"ಬೆಹೆನ್‌ಜೀ, ಯೇ ತರ್‌ಬೂಜ್ ನಹೀ ಹೈ," ಎಂದರು ಮಾಲೀಕರು. ಅದು ಕಲ್ಲಂಗಡಿಯಲ್ಲ ಎಂಬುದು ನಮಗೂ ಗೊತ್ತಿತ್ತು.

ಅವಳು ನಡುವಿನದನ್ನು ತೋರಿಸಿ, "ಇದು ಮೆತ್ತಗದ, ಇದ ಇರ್ಲಿ," ಎಂದಳು. ಮಾಲೀಕರು ಅದರ ಚೀಟಿ ತಿರುಗಿಸಿ ಓದಿದರು. ಕಂಫರ್ಟ್ ಟೈರು ಅದೇ ಆಗಿತ್ತು.

ನಾವು ಹೊರಡುವಾಗ ಅವರು ಉಳಿದ ಎರಡನ್ನೂ ಬಡಿದು ನೋಡುತ್ತಿದ್ದರು.

ನಿಂಬೆಹಣ್ಣು

ಮನೆಯ ಡ್ರೈವ್‌ವೇನಲ್ಲಿ ಹೊಸ ಟೈರುಗಳಿಗೆ ಪೂಜೆ. ನಾಲ್ಕು ಗಾಲಿಗಳ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟು ಕಾರನ್ನು ಮುಂದೆ ಬಿಟ್ಟೆ. ಹೆಂಡತಿ ಆರತಿ ಎತ್ತಿದಳು. ಷಡ್ಡಕರು ಕನ್ನಡಕ ಏರಿಸಿ ಜಜ್ಜಿಹೋದ ಹಣ್ಣುಗಳನ್ನು ಒಂದೊಂದಾಗಿ ಪರೀಕ್ಷಿಸಿದರು.

"ಮುಂದಿನ ಎಡಗಡೆ ನಿಂಬಿ ಒಂದ ಬಾಜೂ ಅಪ್ಪಚ್ಚಿ ಆಗೇದ. ಗಾಲಿ ಅಲೈನ್‌ಮೆಂಟ್ ಸರಿ ಇಲ್ಲ."

"ಅಣ್ಣಾ, ಅದು ದೃಷ್ಟಿಗೆ ಇಟ್ಟದ್ದು."

"ಇರ್ಲಿ. ದೃಷ್ಟಿನೂ ಎಡಗಡಿಂದನ ಬಂದಂಗದ."

ಮರುದಿನ ಅಂಗಡಿಯಲ್ಲಿ ತೋರಿಸಿದೆವು. ಅಲೈನ್‌ಮೆಂಟ್ ಸರಿಯಾಗಿಯೇ ಇತ್ತು. ನಿಂಬೆಹಣ್ಣು ಮೊದಲೇ ಒಂದು ಕಡೆ ಕೊಳೆತಿತ್ತು ಎಂದು ಷಡ್ಡಕರು ತಮ್ಮ ಅಭಿಪ್ರಾಯ ತಿದ್ದಿಕೊಂಡರು.

ಸ್ವರ

ಸದ್ದಿನ ಪರೀಕ್ಷೆಗೆಂದು ನಾನೂ ಅವರೂ ೪೦೧ ಹೈವೇಗೆ ಹೋದೆವು. ಷಡ್ಡಕರು ಧಾರವಾಡದವರು, ಹಾರ್ಮೋನಿಯಂ ನುಡಿಸುತ್ತಾರೆ; ಯಾವ ಸದ್ದನ್ನೂ ಅದರ ಕಪ್ಪು-ಬಿಳಿ ಮನೆಗಳ ಲೆಕ್ಕದಲ್ಲೇ ಹೇಳುತ್ತಾರೆ. ಕಣ್ಣು ಮುಚ್ಚಿ, ಕಿವಿಯನ್ನು ಬಾಗಿಲಿಗೆ ಹಚ್ಚಿ ಕೂತರು.

"ನಿನ್ನ ಹಳೇ ಟೈರು ಕಪ್ಪು ಎರಡರಾಗ ಹಾಡ್ತಿದ್ವು. ಇವು ಬಿಳಿ ಒಂದಕ್ಕ ಇಳದಾವ."

"ಅದು ಛಲೋನೋ ಕೆಟ್ಟದ್ದೋ?"

"ನನಗ ಹಾಡಲಿಕ್ಕೆ ಅನುಕೂಲ," ಎಂದು ಶುರು ಮಾಡಿದರು. ಹೊಸ ಟೈರುಗಳು ಎಷ್ಟು ನಿಶ್ಶಬ್ದವಾಗಿವೆ ಎಂಬುದು ಆ ದಿನ ತಿಳಿಯಲೇ ಇಲ್ಲ.

ಪೆಟ್ರೋಲು

ಹೋಲಿಕೆಗೆ ಇರಲಿ ಎಂದು ಷಡ್ಡಕರು ತಮ್ಮ ಕಾರಿಗೆ ಎಕಾನಮಿ ಟೈರು ಹಾಕಿಸಿದರು. ಒಂದು ಭಾನುವಾರ ಮಟಮಟ ಮಧ್ಯಾಹ್ನ ಎಸಿ ಆರಿಸಿ, ಗಾಳಿ ತಡೆಯುತ್ತದೆಂದು ಕಿಟಕಿಗಳನ್ನೂ ಮುಚ್ಚಿ, ಹೆಂಡತಿಯನ್ನು ಕೂರಿಸಿಕೊಂಡು ನಮ್ಮ ಮನೆಗೆ ಬಂದರು. "ಪೆಟ್ರೋಲ್ ಭಾಳ ಉಳೀತು ನೋಡಪಾ," ಎಂದರು.

ಅವರ ಹೆಂಡತಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ಪೆಟ್ರೋಲ್ ಉಳೀತು, ನಾ ಉಳೀಲಿಲ್ಲ," ಎಂದರು.

ಸಾರು

ಇಲ್ಲಿ ಯುಗಾದಿ ಪಂಚಾಂಗ ನೋಡಿ ಬರುವುದಿಲ್ಲ, ಹಾಲ್ ಸಿಕ್ಕ ದಿನ ಬರುತ್ತದೆ. ಆ ವರ್ಷ ಮೇ ತಿಂಗಳ ಕೊನೆಗೆ ಬಂತು.

ಹೆಂಡತಿ ನನಗೆ ಪಾತ್ರೆ ಮುಟ್ಟಲು ಬಿಡಲಿಲ್ಲ. ಅವಳೂ ಮಗಳೂ ಸೇರಿ ಅದನ್ನು ಹಿಂದಿನ ಸೀಟಿನಲ್ಲಿಟ್ಟು, ಮುಚ್ಚಳಕ್ಕೆ ಬಟ್ಟೆ ಬಿಗಿದು, ಸೀಟ್ ಬೆಲ್ಟ್ ಹಾಕಿ, ಆಚೆಗೊಬ್ಬರು ಈಚೆಗೊಬ್ಬರು ಹಿಡಿದು ಕೂತರು. ಮಗಳು ಇಲ್ಲೇ ಹುಟ್ಟಿದವಳು. ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಮಾತಾಡುತ್ತಾಳೆ. ಪಿಕರಿಂಗ್ ದಾಟುವುದರೊಳಗೆ ಶುರು ಮಾಡಿದಳು: "ಸ್ಲೋ ಡೌನ್, ಅಪ್ಪಾ! ಇಟ್ಸ್ ಗೋಯಿಂಗ್ ಟು ಸ್ಪಿಲ್!"

"ತಿರುವಿನಾಗ ಸಾವಕಾಶ ರೀ," ಎಂದಳು ಹೆಂಡತಿ.

ನಾನು ಬಾಣಂತಿಯನ್ನು ಕರೆದೊಯ್ಯುವವನ ಹಾಗೆ ಓಡಿಸಿದೆ. ಸಿಮೆಂಟ್ ಲಾರಿಗಳು ನಮ್ಮನ್ನು ದಾಟಿ ಹೋದವು. ಬೆನ್ನಿಗೆ ಬೆವರು ಹತ್ತಿತು. ಎಲ್ಲಿ ಬ್ರೇಕ್ ಹಾಕಿದರೂ ಹಿಂದಿನಿಂದ "ಅಯ್ಯಯ್ಯ!" ಕೇಳುತ್ತಿತ್ತು.

ಥಾರ್ನ್‌ಕ್ಲಿಫ್ ಪಾರ್ಕಿನ ಹಾಲ್ ಮುಂದೆ ಷಡ್ಡಕರು ಕಾದು ನಿಂತಿದ್ದರು. ಬಾಗಿಲು ತೆಗೆದು ಸೀಟಿನ ಮೇಲೆಲ್ಲ ಅಂಗೈ ಆಡಿಸಿದರು. "ಒಂದು ಹನಿ ಇಲ್ಲ! ಕಂಫರ್ಟು ಪಾಸು!" ಎಂದು ಪಾರ್ಕಿಂಗ್‌ನಲ್ಲಿದ್ದವರಿಗೆಲ್ಲ ಸಾರಿದರು.

ಪಾತ್ರೆ ಇಳಿಸಲು ನಾವಿಬ್ಬರೂ ತೋಳು ಮಡಚಿ, ಸೊಂಟ ಗಟ್ಟಿ ಮಾಡಿ, "ಒಂದು, ಎರಡು, ಮೂರು" ಎಂದು ಬಲ ಹಾಕಿ ಎತ್ತಿದೆವು. ಪಾತ್ರೆ ಹಾರಿ ಕಾರಿನ ಚಾವಣಿಗೆ ಬಡಿಯಿತು.

ಒಳಗೆ ಏನೂ ಇರಲಿಲ್ಲ.

"ಸಾರೆಲ್ಲಿ?" ಎಂದೆ.

ಹೆಂಡತಿ ಮುಂದಿನ ಸೀಟಿನ ಕೆಳಗಿಂದ ಬಿಗಿ ಮುಚ್ಚಳದ ಎರಡು ಡಬ್ಬಿ ಎಳೆದಳು. "ಒಂದರಾಗ ಗಟ್ಟಿ ಕಟ್ಟು, ಒಂದರಾಗ ರುಬ್ಬಿದ ಮಸಾಲಿ. ಇಲ್ಲೇ ನೀರು ಹಾಕಿ ಕುದಸೋದು. ಕುದಸಲಿಕ್ಕೆ ದೊಡ್ಡ ಪಾತ್ರಿ ಬೇಕಲ್ಲ."

"ಹಂಗಾರ ಇಷ್ಟು ಹೊತ್ತು ಖಾಲಿ ಪಾತ್ರಿ ಹಿಡಕೊಂಡು ಚೀರ್ತಿದ್ರೇನು? ಮೊದಲ ಹೇಳಬಾರ್ದಾಗಿತ್ತೇನು?"

"ಹೇಳಿದ್ರ, ನೀವು ಗಾಡಿ ಹೊಡಿಯೋ ರಭಸಕ್ಕ ಡಬ್ಬೀನೂ ಉಳೀತಿದ್ದಿಲ್ಲ," ಎಂದಳು.

ಮಗಳು ಅಂದು ಮೊದಲ ಬಾರಿಗೆ ಕನ್ನಡದಲ್ಲಿ, "ಹೌದು," ಎಂದಳು.

ಸಾರು ಮೂರನೇ ಪಂಕ್ತಿಗೂ ಸಾಲಿತು. ಅಕ್ಕ ಎರಡು ಸಲ ಹಾಕಿಸಿಕೊಂಡರು. ಟೈರುಗಳನ್ನು ನವೆಂಬರಿನಲ್ಲಿ, ಹಿಮ ಬೀಳುವ ಮೊದಲು, ಬಿಚ್ಚಿಸಿ ಗ್ಯಾರೇಜಿನಲ್ಲಿಟ್ಟೆವು.